ಗೇಟು ತೆರೆಯುವವರು ಒಬ್ಬರು, ಗೋಡೆ ಕಳೆದುಕೊಳ್ಳುವವರು ಇನ್ನೊಬ್ಬರು

ಮೈಸೂರಿಗೂ ಪ್ರವಾಹಕ್ಕೂ ಏನು ಸಂಬಂಧ ಎಂದು ಕೇಳುವ ಸಭ್ಯಸ್ಥರು ನಮ್ಮ ನಗರದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೆಟ್ಟದ ತಪ್ಪಲಿನ ಊರು, ಎತ್ತರದ ಊರು. ಕಾವೇರಿ ಉತ್ತರಕ್ಕೆ ದೂರ, ಕಪಿಲೆ ದಕ್ಷಿಣಕ್ಕೆ ದೂರ. ಹೊಳೆಯ ಗೋಳು ಹೊಳೆಯ ದಂಡೆಯವರಿಗೆ ಎಂಬುದು ಇವರ ವಾದ. ಆದರೆ ಇದೇ ಸಭ್ಯಸ್ಥರು ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದರೆ ಬರುವ ನೀರಿನಲ್ಲಿ ಒಂದು ಪಾಲು ಕಪಿಲೆಯದು; ನಂಜನಗೂಡು ತಾಲ್ಲೂಕಿನ ಬಿದರಗೂಡಿನಿಂದ ಎತ್ತಿ ತಂದದ್ದು. ಹೊಳೆಯ ನೀರು ಬೇಕು, ಹೊಳೆಯ ದಂಡೆಯವರ ಸಂಕಟ ಮಾತ್ರ ಬೇಡ ಎಂಬ ಈ ಜಾಣತನವನ್ನು ಇನ್ನೆಷ್ಟು ಕಾಲ ಸಹಿಸಬೇಕು?

ಮೈಸೂರಿನಿಂದ 23 ಕಿಲೋಮೀಟರು ದೂರದ ನಂಜನಗೂಡಿನ ಕಥೆಯನ್ನು ನೋಡೋಣ. 2019ರ ಆಗಸ್ಟ್ ತಿಂಗಳಲ್ಲಿ ವಯನಾಡಿನಲ್ಲಿ ಮಳೆ ಸುರಿಯಿತು. ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯಿಂದ ಸೆಕೆಂಡಿಗೆ ಒಂದು ಲಕ್ಷ ಘನ ಅಡಿಗೂ ಮೀರಿ ನೀರನ್ನು ಹೊರಬಿಟ್ಟರು. ಶ್ರೀಕಂಠೇಶ್ವರನ ಸ್ನಾನಘಟ್ಟ ಮುಳುಗಿತು, ಹದಿನಾರು ಕಾಲಿನ ಮಂಟಪ ಮುಳುಗಿತು, ಪರಶುರಾಮ ದೇವಾಲಯವನ್ನು ನೀರು ಸುತ್ತುವರಿಯಿತು. ಹಳ್ಳದಕೇರಿ, ತೋಪಿನ ಬೀದಿ ಮುಂತಾದ ತಗ್ಗಿನ ಕೇರಿಗಳಿಗೆ ನೀರು ನುಗ್ಗಿತು. ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯೇ ಹೊಳೆಯಾಗಿ ಮೈಸೂರು–ನಂಜನಗೂಡು ಸಂಚಾರ ನಿಂತಿತು. ಸುತ್ತೂರಿನ ಸೇತುವೆ ಕಣ್ಣಿಗೆ ಕಾಣದಾಯಿತು. 2018ರಲ್ಲಿಯೂ ನೀರು ಬಂದಿತ್ತು. 2024ರ ಜುಲೈ ಕೊನೆಯಲ್ಲಿ, ವಯನಾಡಿನ ಗುಡ್ಡ ಕುಸಿದು ನೂರಾರು ಜನ ಸತ್ತ ಅದೇ ದಿನಗಳಲ್ಲಿ, ಮತ್ತೆ ಬಂತು. ಮತ್ತೆ ಮಲ್ಲನಮೂಲೆಯಲ್ಲಿ ರಸ್ತೆ ಮುಚ್ಚಿತು. ಏಳು ವರ್ಷಗಳಲ್ಲಿ ಕಡಮೆಯೆಂದರೂ ಮೂರು ಸಲ! ಇದನ್ನು ಆಕಸ್ಮಿಕ ಎಂದು ಕರೆಯುವವನು ಒಂದೋ ಪಂಚಾಂಗ ನೋಡದವನು, ಇಲ್ಲವೇ ಲೆಕ್ಕ ಕೊಡಲು ಮನಸ್ಸಿಲ್ಲದವನು.

ಲೆಕ್ಕವನ್ನೇ ಹಾಕೋಣ. 1974ರಲ್ಲಿ ಮುಗಿದ ಕಬಿನಿ ಜಲಾಶಯದ ಒಟ್ಟು ಸಾಮರ್ಥ್ಯ 19.52 ಟಿ.ಎಂ.ಸಿ. ಸೆಕೆಂಡಿಗೆ ಒಂದು ಲಕ್ಷ ಘನ ಅಡಿ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ 8.64 ಟಿ.ಎಂ.ಸಿ. ಆಗುತ್ತದೆ. ಅಂದರೆ ಅಂಥ ಮಳೆಯಲ್ಲಿ ಖಾಲಿ ಜಲಾಶಯ ಕೂಡ ಎರಡೂಕಾಲು ದಿನದಲ್ಲಿ ತುಂಬಿ ತುಳುಕುತ್ತದೆ. ಜುಲೈ ಕೊನೆಗೆ ಅದು ಖಾಲಿಯಿರುವುದೂ ಇಲ್ಲ. ನಾಲೆಗೆ ನೀರು ಬೇಕು, ನಗರಕ್ಕೆ ನೀರು ಬೇಕು, ತಮಿಳುನಾಡಿಗೆ ಕೊಡಬೇಕಾದ ನೀರು ಬೇಕು. ಆದ್ದರಿಂದ 2284 ಅಡಿಯ ಗುರುತಿನ ಹತ್ತಿರಕ್ಕೆ ನೀರನ್ನು ಬೇಗ ಏರಿಸಿಟ್ಟುಕೊಳ್ಳುವುದು ನಡೆದುಬಂದ ಪದ್ಧತಿ. ಆಮೇಲೆ ಮೋಡ ಒಡೆದರೆ ಗೇಟು ತೆರೆಯದೆ ಬೇರೆ ದಾರಿಯಿಲ್ಲ.

ಅಣೆಕಟ್ಟೆ ಇಲ್ಲದಿದ್ದರೂ ಆ ನೀರು ಬರುತ್ತಿತ್ತಲ್ಲ ಎಂದು ಎಂಜಿನಿಯರುಗಳು ಹೇಳಬಹುದು. ಬರುತ್ತಿತ್ತು, ಒಪ್ಪಿದೆವು. ಕಬಿನಿ ಪುಟ್ಟ ಜಲಾಶಯ, ಮಹಾಪೂರವನ್ನು ಅದು ಪೂರ್ತಿ ನುಂಗಲಾರದು, ಅದನ್ನೂ ಒಪ್ಪಿದೆವು. ನಮ್ಮ ಪ್ರಶ್ನೆ ಬೇರೆ. ಜಲಾಶಯವನ್ನು ತುಂಬಿಸಿಟ್ಟುಕೊಳ್ಳುವುದು ಸಮಾಜ ಗೊತ್ತಿದ್ದೂ ಮಾಡಿಕೊಂಡ ಆಯ್ಕೆ. ಅದರ ಲಾಭ ಗದ್ದೆಯವನಿಗಿದೆ, ಕಾರ್ಖಾನೆಯವನಿಗಿದೆ, ಮೈಸೂರಿನ ಬಡಾವಣೆಯವನಿಗಿದೆ. ಆ ಆಯ್ಕೆಯಿಂದ ಹೆಚ್ಚುವ ಅಪಾಯ ಮಾತ್ರ ಹಳ್ಳದಕೇರಿಯವನ ಪಾಲಿಗೆ ಏಕೆ? ಲಾಭ ಎಲ್ಲರದು, ನಷ್ಟ ಒಬ್ಬನದು ಎಂಬ ನ್ಯಾಯ ಯಾವ ಧರ್ಮಶಾಸ್ತ್ರದಲ್ಲಿದೆ?

ಇನ್ನು ಮೈಸೂರು ನಗರವೇನು ಪಾರಾಗಿದೆಯೇ? ಇದು ಕೆರೆಗಳ ಮೇಲೆ ಕಟ್ಟಿದ ಊರು. ದೊಡ್ಡಕೆರೆ ಇದ್ದಲ್ಲಿ ಇಂದು ದಸರಾ ವಸ್ತುಪ್ರದರ್ಶನದ ಮೈದಾನ. ಸುಬ್ಬರಾಯನಕೆರೆ ಉದ್ಯಾನವಾಯಿತು. ಜೀವರಾಯನಕಟ್ಟೆ ಮೈದಾನವಾಯಿತು. ಕಾವೇರಿಯ ನೀರನ್ನು ತರಲು ದಿವಾನ್ ಪೂರ್ಣಯ್ಯನವರು ತೋಡಿಸಹೊರಟ ನಾಲೆಯ ಜಾಡು ಎಷ್ಟೋ ಕಡೆ ಕಟ್ಟಡಗಳ ಅಡಿಯಲ್ಲಿ ಅಡಗಿದೆ. ಇಡೀ ದೇಶದಲ್ಲಿ ನಗರಾಭಿವೃದ್ಧಿಗೆಂದು ಮೊದಮೊದಲು, 1903ರಲ್ಲಿಯೇ, ಟ್ರಸ್ಟ್ ಬೋರ್ಡು ಕಟ್ಟಿಕೊಂಡ ಊರೆಂಬ ಹೆಮ್ಮೆ ನಮಗಿದೆ. ಅಂಥ ಊರಿನಲ್ಲಿ ಒಂದು ರಾತ್ರಿ ಜಡಿಮಳೆ ಹೊಡೆದರೆ ರಾಜಕಾಲುವೆಯ ಪಕ್ಕದ ತಗ್ಗಿನ ಬೀದಿಗಳಲ್ಲಿ ಅಕ್ಕಿ ಡಬ್ಬ ತೇಲುತ್ತದೆ! ನೀರಿಗೆ ನೆನಪಿದೆ, ನಕ್ಷೆಗೆ ಮುದ್ರೆ ಒತ್ತಿದವರಿಗೆ ನೆನಪಿಲ್ಲ. ಸೈಟು ಮಾರಿದವನು ಹಣ ಎಣಿಸಿಕೊಂಡು ಹೋದ, ಮುದ್ರೆ ಒತ್ತಿದವನು ವರ್ಗವಾಗಿ ಹೋದ, ಸಾಲ ಮಾಡಿ ಮನೆ ಕಟ್ಟಿದ ಗುಮಾಸ್ತ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾನೆ.

ನೀರು ಬಂದಾಗ ಸರ್ಕಾರ ಏನು ಮಾಡುತ್ತದೆ? ಶಾಲೆಯಲ್ಲೋ ಛತ್ರದಲ್ಲೋ ಒಂದು ಗಂಜಿ ಕೇಂದ್ರ ತೆರೆಯುತ್ತದೆ. ಗಂಜಿ ಎಂಬ ಮಾತು ಕಿವಿಗೆ ಒರಟಾಯಿತೆಂದು ಈಗ ಕಾಳಜಿ ಕೇಂದ್ರ ಎಂದು ಹೆಸರು ಬದಲಾಯಿಸಿದ್ದಾರೆ. ಮಂತ್ರಿಗಳು ಬರುತ್ತಾರೆ, ಫೋಟೋ ಆಗುತ್ತದೆ. ನೀರಿಳಿದ ಮೇಲೆ ಮಹಜರು. ಗೋಡೆ ಎಷ್ಟು ಬಿದ್ದಿದೆ, ಮಾಡು ಎಷ್ಟು ಉಳಿದಿದೆ ಎಂದು ಅಳೆದು ದರ್ಜೆ ಹಾಕುತ್ತಾರೆ. ಆ ದರ್ಜೆಯ ಮೇಲೆ ಪರಿಹಾರ. ಪರಿಹಾರವಾದರೂ ಸ್ಥಿರವೇ? ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ ಕೇಂದ್ರದ ಮಾನದಂಡ 2019ರಲ್ಲಿ 95,100 ರೂಪಾಯಿ ಇತ್ತು. 2022ರಿಂದ 1,20,000 ಆಯಿತು. ಇದೇ ರಾಜ್ಯದ ಸರ್ಕಾರ 2019ರಲ್ಲಿ ತನ್ನ ಪಾಲನ್ನೂ ಸೇರಿಸಿ 5 ಲಕ್ಷ ಎಂದು ಸಾರಿತು. ಕೊಟ್ಟದ್ದನ್ನು ನಾವು ಹೀಗಳೆಯುವುದಿಲ್ಲ. ಆದರೆ ಬೀಳುವ ಗೋಡೆಯ ಬೆಲೆ, ಅದು ಯಾವ ವರ್ಷ ಬಿತ್ತು, ಆಗ ಯಾವ ಮುಖ್ಯಮಂತ್ರಿ ಇದ್ದರು, ಚುನಾವಣೆ ಎಷ್ಟು ಹತ್ತಿರವಿತ್ತು ಎಂಬುದರ ಮೇಲೆ ನಿಲ್ಲುವುದಾದರೆ ಅದು ದಾನವೇ ಹೊರತು ಹಕ್ಕಲ್ಲ. ದಾನಕ್ಕೆ ಕೈ ಚಾಚಿ ನಿಲ್ಲಬೇಕು. ಹಕ್ಕನ್ನು ತಲೆಯೆತ್ತಿ ಕೇಳಬಹುದು.

ಹಕ್ಕು ಬೇಕಾದರೆ ವಿಮೆ ಮಾಡಿಸಿಕೊಳ್ಳಿ ಎನ್ನುತ್ತಾರೆ ಬುದ್ಧಿವಂತರು. 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಮನೆ ವಿಮೆಯನ್ನು ಎಲ್ಲ ಕಂಪನಿಗಳೂ ಮಾರಬೇಕೆಂದು ನಿಯಮವಾಗಿದೆ. ಬೆಂಕಿ, ಭೂಕಂಪಗಳ ಜೊತೆಗೆ ಪ್ರವಾಹವೂ ಅದರಲ್ಲಿ ಸೇರಿದೆ. ಒಳ್ಳೆಯದೇ. ಆದರೆ ತೋಪಿನ ಬೀದಿಯಲ್ಲಿ ಎಷ್ಟು ಮನೆಗಳಿಗೆ ಅದರ ಹೆಸರಾದರೂ ಗೊತ್ತಿದೆ? ಕಂಪನಿಯ ಏಜೆಂಟರು ಕಾರಿನವನ ಬಾಗಿಲು ಬಡಿಯುತ್ತಾರೆ, ಬ್ಯಾಂಕಿನಲ್ಲಿ ಸಾಲ ತೆಗೆದವನ ಬಾಗಿಲು ಬಡಿಯುತ್ತಾರೆ. ಮಣ್ಣಿನ ಗೋಡೆಯವನ ಬಾಗಿಲನ್ನು ಬಡಿಯುವುದು ಹೊಳೆ ಮಾತ್ರ. ಮಣ್ಣಿನ ಗೋಡೆ, ಸೋಗೆ ಮಾಡಿನ ಮನೆಯನ್ನು ಕಚ್ಚಾ ಕಟ್ಟಡವೆಂದು ಬೇರೆ ಪಂಕ್ತಿಯಲ್ಲಿ ಕೂರಿಸುವುದು ವಿಮೆಯ ವ್ಯಾಪಾರದ ಹಳೆಯ ಪದ್ಧತಿ. ಯಾರ ಗೋಡೆ ಮೊದಲು ಕರಗುತ್ತದೋ ಅವನಿಗೆ ಪಂಕ್ತಿಯ ಕೊನೆಯ ಎಲೆ!

ಇದು ಕಂಪನಿಯವರ ಕೆಟ್ಟತನವಷ್ಟೇ ಅಲ್ಲ, ಈ ವ್ಯಾಪಾರದ ಒಳಗುಟ್ಟೇ ಹೀಗೆ. ಬೆಂಕಿ ಊರಿನಲ್ಲಿ ಒಂದು ಮನೆಗೆ ಬೀಳುತ್ತದೆ. ನೂರು ಮನೆಯವರ ಕಂತಿನಿಂದ ಆ ಒಂದನ್ನು ಕಟ್ಟಿಕೊಡಬಹುದು. ಹೊಳೆ ಬಂದರೆ ಕೇರಿಗೆ ಕೇರಿಯೇ ಮುಳುಗುತ್ತದೆ. ಅದಲ್ಲದೆ, ಹೊಳೆಯ ಭಯವಿರುವವನು ಮಾತ್ರ ಪ್ರವಾಹದ ವಿಮೆ ಕೇಳುತ್ತಾನೆ, ಎತ್ತರದಲ್ಲಿರುವವನು ಕೇಳುವುದಿಲ್ಲ. ಕೇಳುವವರೆಲ್ಲ ಮುಳುಗುವವರೇ ಆದರೆ ಕಂತು ಏರುತ್ತದೆ, ಏರಿದ ಕಂತನ್ನು ಬಡವ ಕಟ್ಟಲಾರ, ಕಂಪನಿ ಮೆಲ್ಲನೆ ಜಾಗ ಖಾಲಿ ಮಾಡುತ್ತದೆ. ಅಮೆರಿಕದಲ್ಲಿ ಆದದ್ದು ಇದೇ. 1927ರಲ್ಲಿ ಮಿಸಿಸಿಪ್ಪಿ ನದಿ ಉಕ್ಕಿದ ಮೇಲೆ ಖಾಸಗಿ ಕಂಪನಿಗಳು ಪ್ರವಾಹ ವಿಮೆಯಿಂದ ಹಿಂದೆ ಸರಿದವು. ಕೊನೆಗೆ 1968ರಲ್ಲಿ ಸರ್ಕಾರವೇ ಪ್ರವಾಹ ವಿಮೆಯನ್ನು ಕೈಗೆತ್ತಿಕೊಳ್ಳಬೇಕಾಯಿತು. ಬಂಡವಾಳಶಾಹಿಯ ತವರುಮನೆಯಲ್ಲಿಯೇ ಮಾರುಕಟ್ಟೆ ಹೊಳೆಯ ಮುಂದೆ ಕೈಚೆಲ್ಲಿದ ಮೇಲೆ, ನಂಜನಗೂಡಿನಲ್ಲಿ ಅದು ಪವಾಡ ಮಾಡೀತೆಂದು ನಂಬಬೇಕೇ?

ನಮ್ಮಲ್ಲಿ ದಾರಿ ಇರಲಿಲ್ಲವೆಂದಲ್ಲ. 1956ರಲ್ಲಿ ಜೀವವಿಮೆ ರಾಷ್ಟ್ರದ ಸ್ವತ್ತಾಯಿತು. 1973ರ ಜನವರಿ 1ರಿಂದ ನೂರೇಳು ಕಂಪನಿಗಳನ್ನು ನಾಲ್ಕಾಗಿ ಕೂಡಿಸಿ ಸಾಮಾನ್ಯ ವಿಮೆಯನ್ನೂ ರಾಷ್ಟ್ರೀಕರಿಸಲಾಯಿತು. ಇಡೀ ದೇಶವನ್ನು ಒಂದೇ ಕುಟುಂಬವೆಂದು ಎಣಿಸಿ, ಎತ್ತರದವನ ಕಂತಿನಿಂದ ತಗ್ಗಿನವನ ಗೋಡೆ ಕಟ್ಟುವ ಅವಕಾಶ ಆಗ ಕೈಯಲ್ಲಿತ್ತು. ಅದನ್ನು ಬಳಸಲಿಲ್ಲ. 1999ರ ಕಾನೂನು ಖಾಸಗಿಯವರಿಗೆ ಬಾಗಿಲು ತೆರೆಯಿತು. ವಿದೇಶಿ ಬಂಡವಾಳದ ಮಿತಿ ನೂರಕ್ಕೆ 26 ಇದ್ದದ್ದು 2015ರಲ್ಲಿ 49 ಆಯಿತು, 2021ರಲ್ಲಿ 74 ಆಯಿತು. ಇಷ್ಟೆಲ್ಲ ಬಂಡವಾಳ ಬಂದರೂ ಕಪಿಲೆಯ ದಂಡೆಗೆ ಬರಲಿಲ್ಲ. ಹಣ ಕೂಡ ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ ಎಂದು ಪಂಡಿತರು ಹೇಳುತ್ತಿದ್ದರು. ನಮ್ಮ ಅನುಭವದಲ್ಲಿ ತಗ್ಗಿಗೆ ಹರಿದದ್ದು ನೀರೊಂದೇ.

ನಾಚಿಕೆಯ ಸಂಗತಿಯೆಂದರೆ, ಈ ವಿಷಯದಲ್ಲಿ ಲೋಕಕ್ಕೆ ದಾರಿ ತೋರಿಸಬೇಕಾಗಿದ್ದ ಊರು ಮೈಸೂರು. ಹಳೆಯ ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿ ಎಂಬವರು 1920ರಲ್ಲಿ ಕೃಷಿ ವಿಮೆಯ ಬಗ್ಗೆ ಒಂದು ಗ್ರಂಥ ಬರೆದರು. ಒಬ್ಬೊಬ್ಬ ರೈತನ ಹೊಲವನ್ನೂ ಅಳೆಯಬೇಕಾಗಿಲ್ಲ, ಮಳೆಯ ಅಳತೆಯನ್ನೇ ಆಧಾರವಾಗಿಟ್ಟುಕೊಂಡು ಪರಿಹಾರ ಕೊಡಿ ಎಂಬುದು ಅವರ ಯೋಜನೆ. ಅವರ ಕಣ್ಣ ಮುಂದಿದ್ದದ್ದು ಬರಗಾಲ. ಆದರೆ ಲೆಕ್ಕ ಪ್ರವಾಹಕ್ಕೂ ಅದೇ. ಅವರ ಯೋಜನೆಯನ್ನು ಅಂದು ಕಪಾಟಿನಲ್ಲಿಟ್ಟರು. ನೂರು ವರ್ಷದ ಮೇಲೆ ನಾಗಾಲ್ಯಾಂಡ್ ಸರ್ಕಾರ, ತಾನೇ ಕಂತು ಕಟ್ಟಿ, ಮಳೆಯ ಅಳತೆ ಗೊತ್ತಾದ ಗೆರೆಯನ್ನು ದಾಟಿದರೆ ಹಣ ಬರುವಂಥ ವಿಮೆಯನ್ನು ಇಡೀ ರಾಜ್ಯಕ್ಕೆ ಮಾಡಿಸಿದೆ. ಮೈಸೂರಿನಲ್ಲಿ ಚಿಗುರಿದ ವಿಚಾರ ಕೊಹಿಮಾ ತಲುಪಿತು, ಹಳ್ಳದಕೇರಿ ತಲುಪಲಿಲ್ಲ!

ಇನ್ನೊಂದು ವಿಡಂಬನೆ ಕೇಳಿ. 1891ರಷ್ಟು ಹಿಂದೆಯೇ ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಸರ್ಕಾರಿ ಜೀವವಿಮೆ ಆರಂಭಿಸಿತು. ಅದೇ ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. ನೌಕರರ ಜೀವಕ್ಕೂ ಸರ್ಕಾರದ ವಾಹನಗಳಿಗೂ ಅದು ವಿಮೆ ಮಾಡುತ್ತದೆ. ಅಂದರೆ ನೆರೆಯನ್ನು ನೋಡಲು ಬರುವ ಅಧಿಕಾರಿಗೆ ವಿಮೆ ಇದೆ, ಅವರು ಬರುವ ಜೀಪಿಗೆ ವಿಮೆ ಇದೆ. ಅವರು ನೋಡಲು ಬಂದ ಗೋಡೆಗೆ ಮಾತ್ರ ಇಲ್ಲ. ವಿಮೆ ನಡೆಸುವ ಕೈಚಳಕ ಸರ್ಕಾರಕ್ಕಿಲ್ಲ ಎಂದು ಹೇಳುವವರು ಮೊದಲು ಇದಕ್ಕೆ ಉತ್ತರ ಕೊಡಲಿ.

ಹೊಳೆಯ ಪಾತ್ರದಲ್ಲಿ ಮನೆ ಕಟ್ಟಿದವರಿಗೆ ವಿಮೆ ಕೊಟ್ಟರೆ ಇನ್ನಷ್ಟು ಜನ ಬಂದು ಕಟ್ಟುತ್ತಾರೆ ಎಂಬುದು ಎದುರಾಳಿಗಳ ಕೊನೆಯ ಬಾಣ. ಈ ಮಾತಿನಲ್ಲಿ ತಿರುಳಿದೆ. ಅದನ್ನು ನಾವು ತಳ್ಳಿಹಾಕುವುದಿಲ್ಲ. ಇಂಗ್ಲೆಂಡಿನಲ್ಲಿ 2016ರಿಂದ ಒಂದು ವ್ಯವಸ್ಥೆಯಿದೆ. ಮನೆ ವಿಮೆ ಮಾರುವ ಕಂಪನಿಗಳೆಲ್ಲ ಒಂದು ನಿಧಿಗೆ ಹಣ ಕಟ್ಟಬೇಕು. ಆ ನಿಧಿಯ ಬಲದಿಂದ ನದಿಬದಿಯವನಿಗೂ ಕೈಗೆಟುಕುವ ಕಂತಿನಲ್ಲಿ ವಿಮೆ ಸಿಗುತ್ತದೆ. ಆದರೆ 2009ರಿಂದೀಚೆಗೆ ಕಟ್ಟಿದ ಮನೆಗಳಿಗೆ ಆ ಸೌಕರ್ಯವಿಲ್ಲ. ಹಳಬರನ್ನು ಕಾಪಾಡು, ಹೊಸ ತಪ್ಪನ್ನು ತಡೆ ಎಂಬುದು ಅದರ ನೀತಿ. ನಾವು ಒಂದು ಹೆಜ್ಜೆ ಮುಂದೆ ಹೋಗಿ ಕೇಳುತ್ತೇವೆ: ಹೊಸದಾಗಿ ತಗ್ಗಿನಲ್ಲಿ ಕಟ್ಟಿದ ಮನೆ ಮುಳುಗಿದರೆ ದಂಡ ತೆರಬೇಕಾದವನು ಮನೆಯವನೋ, ಅಲ್ಲಿ ಬಡಾವಣೆ ಮಾಡಿ ಮಾರಿದವನೋ, ಅದಕ್ಕೆ ಒಪ್ಪಿಗೆ ಕೊಟ್ಟವನೋ? ಪ್ರವಾಹದ ಬಯಲಿನಲ್ಲಿ ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂದು ಗೆರೆ ಎಳೆಯುವ ಮಾದರಿ ಮಸೂದೆಯನ್ನು ಕೇಂದ್ರ ಸರ್ಕಾರ 1975ರಲ್ಲಿಯೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡಗಳು ಕಾನೂನು ಮಾಡಿದವು. ಕರ್ನಾಟಕದ ಹೆಸರು ಆ ಪಟ್ಟಿಯಲ್ಲಿಲ್ಲ. ಗೆರೆ ಎಳೆದರೆ ಯಾರ ಸೈಟು ಗೆರೆಯ ಆಚೆ ಬೀಳುತ್ತದೆ ಎಂಬುದು ಆಳುವವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಲೇಖನಿ ಏಳುತ್ತಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ನೇರವಾಗಿವೆ.

ಒಂದು: ಕಪಿಲೆಯ ದಂಡೆಯ ತಗ್ಗಿನ ಕೇರಿಗಳು, ಮೈಸೂರಿನ ರಾಜಕಾಲುವೆ ಪಕ್ಕದ ಬೀದಿಗಳು, ಇವುಗಳ ಎಲ್ಲ ಮನೆಗಳಿಗೂ ಸರ್ಕಾರವೇ ಒಟ್ಟಾಗಿ ಪ್ರವಾಹ ವಿಮೆ ಮಾಡಿಸಬೇಕು. ಹಕ್ಕುಪತ್ರವಿಲ್ಲ, ಗೋಡೆ ಮಣ್ಣಿನದು ಎಂಬ ನೆಪ ನಡೆಯಬಾರದು. ಬಾಡಿಗೆಯವನ ಪಾತ್ರೆ ಪಗಡಕ್ಕೂ, ಹೊಲಿಗೆ ಯಂತ್ರಕ್ಕೂ, ಕಟ್ಟಿದ ಹಸುವಿಗೂ ಅದು ಅನ್ವಯಿಸಬೇಕು.

ಎರಡು: ಕಂತಿನ ಹಣ ಹೊಳೆಯ ಲಾಭ ಉಣ್ಣುವವರಿಂದ ಬರಬೇಕು. ಹೊಳೆಯ ನೀರು ಕೊಳ್ಳುವ ಕಾರ್ಖಾನೆಯ ಬಿಲ್ಲಿನಿಂದ, ದೊಡ್ಡ ಬಡಾವಣೆಗಳ ಒಪ್ಪಿಗೆ ಶುಲ್ಕದಿಂದ, ದೊಡ್ಡ ಮನೆಗಳ ಕಂದಾಯದಿಂದ ಒಂದು ಪಾಲು ತೆಗೆಯಲಿ.

ಮೂರು: ಅಣೆಕಟ್ಟೆಯಿಂದ ಹೊರಬಿಟ್ಟ ನೀರು ಗೊತ್ತುಮಾಡಿದ ಗೆರೆ ದಾಟಿದ ಕೂಡಲೇ ಮೊದಲ ಕಂತಿನ ಪರಿಹಾರ ಮನೆಯಾಕೆಯ ಖಾತೆಗೆ ಬೀಳಬೇಕು. ಮಹಜರು ಆಮೇಲೆ ನಡೆಯಲಿ.

ನಾಲ್ಕು: ಎಷ್ಟು ನೀರು ಬಿಟ್ಟರೆ ಯಾವ ಬೀದಿ ಮುಳುಗುತ್ತದೆ ಎಂಬ ನಕ್ಷೆಯನ್ನು ಕನ್ನಡದಲ್ಲಿ ಬರೆಸಿ ನಂಜನಗೂಡಿನ ಒಂದೊಂದು ಕೇರಿಯ ಗೋಡೆಯ ಮೇಲೂ ಹಾಕಬೇಕು. ಗೇಟು ತೆರೆಯುವ ಮಾತು ಕೇರಿಗೆ ರಾತ್ರೋರಾತ್ರಿ ತಮಟೆಯ ಮೂಲಕ ತಿಳಿಯುವಂತಾಗಬಾರದು.

ಐದು: ಪ್ರವಾಹದ ಬಯಲಿನ ಗೆರೆಯನ್ನು ಕಾನೂನಾಗಿ ಮಾಡಬೇಕು. ಅದರಾಚೆಗೆ ಒಪ್ಪಿಗೆ ಕೊಟ್ಟವನ ಹೆಸರನ್ನು ಒಪ್ಪಿಗೆ ಪತ್ರದಲ್ಲಿಯೇ ಬರೆಯಬೇಕು, ಮುಳುಗಿದ ದಿನ ಅವನನ್ನು ಹುಡುಕುವ ಕಷ್ಟ ತಪ್ಪಲಿ.

ಸಂಗಾತಿಗಳೇ, ಮುಂಗಾರು ಯಾವ ಪಕ್ಷದ ಕಾರ್ಯಕರ್ತನೂ ಅಲ್ಲ. ಅದು ಯಾರ ಮಾತಿಗೂ ನಿಲ್ಲುವುದಿಲ್ಲ. ನೀರಿಳಿದ ಮೇಲೆ ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮುಂದೆ ಸಾಲು ನಿಲ್ಲುವುದನ್ನು ಬಿಟ್ಟು, ನೀರು ಬರುವ ಮೊದಲೇ ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ನಿಲ್ಲೋಣ. ಹಳ್ಳದಕೇರಿಯವರು ಒಬ್ಬರೇ ಬಂದರೆ ಅವರನ್ನು ಬೇಡುವವರೆಂದು ತಿಳಿಯುತ್ತಾರೆ. ಮೈಸೂರಿನ ಎತ್ತರದ ಬೀದಿಗಳಿಂದ ಕಪಿಲೆಯ ನೀರು ಕುಡಿಯುವವರೂ ಜೊತೆಗೆ ಬಂದು ನಿಂತರೆ, ಆಗ ಅದು ಸಾಲ ವಸೂಲಿ. ಏಕೆಂದರೆ ಇದು ನಾವೆಲ್ಲ ಆ ಕೇರಿಗೆ ಕೊಡಬೇಕಾದ ಬಾಕಿ.