ಸುಮೋಗೆ ವಯಸ್ಸಾಯ್ತು, ಬ್ರೇಕಿನ ಗತಿ ಏನು?

ಟಾಟಾ ಸುಮೋ ರಸ್ತೆಗಿಳಿದದ್ದು 1994ರಲ್ಲಿ. ಕಂಪನಿ ಅದರ ತಯಾರಿಕೆ ನಿಲ್ಲಿಸಿದ್ದು 2019ರಲ್ಲಿ. ಕಂಪನಿ ಕೈಬಿಟ್ಟರೂ ನಮ್ಮ ಮಲೆನಾಡು ಬಿಟ್ಟಿಲ್ಲ. ಮದುವೆ ದಿಬ್ಬಣವಿರಲಿ, ಧರ್ಮಸ್ಥಳದ ಹರಕೆಯಿರಲಿ, ನಡುರಾತ್ರಿ ಹೆರಿಗೆ ನೋವೇ ಬರಲಿ, ಬಸ್ಸಿಲ್ಲದ ಊರಿನವರು ಕೂಗುವುದು ಸುಮೋದವನನ್ನೇ. ಹಳೇ ಡಬ್ಬಾ, ಗುಜರಿಗೆ ಹಾಕಿ ಅಂತ ಪೇಟೆಯಲ್ಲಿ ಕೂತು ಹೇಳುವುದು ಸುಲಭ. ಹೇಳುವವರು ಆ ಊರಿಗೆ ಬಸ್ ಬಿಡಿಸುತ್ತಾರೆಯೇ?

ಹಾಗೆ ನೋಡಿದರೆ ಗಾಡಿ ಗಟ್ಟಿಯೇ. ಭದ್ರವಾದ ಚಾಸಿ, ಹಳೇ ಮಾಡೆಲ್ಲುಗಳಲ್ಲಿ ಕಂಪ್ಯೂಟರಿನ ಕಾಟವಿಲ್ಲದ ಡೀಸೆಲ್ ಇಂಜಿನ್. ಊರಿನ ಮೆಕ್ಯಾನಿಕ್ಕೇ ಸ್ಪ್ಯಾನರ್ ಹಿಡಿದು ಸರಿಮಾಡಬಲ್ಲ. ತೊಂದರೆ ಇರುವುದು ಬೇರೆ ಕಡೆ. ಇಂಜಿನ್ ಕೆಟ್ಟರೆ ಅವತ್ತಿನ ಬಾಡಿಗೆ ಹೋಯಿತು. ಆದ್ದರಿಂದ ಅದು ಕೂಡಲೇ ರಿಪೇರಿ. ಬ್ರೇಕು, ಟೈರು, ಸ್ಟೇರಿಂಗು ಸವೆದರೆ ಬಾಡಿಗೆ ನಿಲ್ಲುವುದಿಲ್ಲ. ಆದ್ದರಿಂದ ಅದು 'ಮುಂದಿನ ತಿಂಗಳು ನೋಡಿದರಾಯ್ತು'!

ಆ ಮುಂದಿನ ತಿಂಗಳು ಬರುವ ಮೊದಲು ಆಗುಂಬೆ ಘಾಟಿ ಬರುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವು. ಬ್ರೇಕ್ ತುಳಿದುಕೊಂಡೇ ಇಳಿದರೆ ಲೈನರ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ವಸ್ತು. ಹಳೇ ಆಯಿಲ್ ಬೇಗ ಕುದಿಯುತ್ತದೆ, ಪೆಡಲ್ ಮೆತ್ತಗೆ ತಳ ಸೇರುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಭಾರೀ ಖರ್ಚಿನ ಬಾಬತ್ತೇನಲ್ಲ. ಡೀಸೆಲ್ ಉಳಿಸಲು ಇಂಜಿನ್ ಆಫ್ ಮಾಡಿ ಇಳಿಸುವ ಶೂರರೂ ಇದ್ದಾರೆ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಓಡುವುದು ಇಂಜಿನ್ ಓಡಿದಾಗ ಮಾತ್ರ. ಅದು ನಿಂತರೆ ಎರಡು ಮೂರು ತುಳಿತಕ್ಕೆ ಪೆಡಲ್ ಕಲ್ಲಾಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೇ ಡ್ರೈವರುಗಳ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಇನ್ನು ಲೋಡು. ಹಿಂದಿನ ಎದುರುಬದುರು ಸೀಟಿನಲ್ಲಿ ಬೆಲ್ಟಿಲ್ಲದೆ ಆರೇಳು ಜನ, ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ, ಪಾತ್ರೆ ಪಗಡ. ಮೊದಲೇ ಎತ್ತರದ ಗಾಡಿ. ತಲೆ ಮೇಲೆ ಭಾರ ಹೇರಿದರೆ ತಿರುವಿನಲ್ಲಿ ವಾಲದೆ ಇನ್ನೇನು ಮಾಡೀತು?

ಕಾನೂನಿನ ಕಥೆ ಕೇಳಿ. ಹಳದಿ ಬೋರ್ಡಿಗೆ ಎಂಟು ವರ್ಷ ದಾಟಿದ ಮೇಲೆ ವರ್ಷ ವರ್ಷ ಎಫ್‌ಸಿ. ಬಿಳಿ ಬೋರ್ಡಿಗೆ ಹದಿನೈದು ವರ್ಷ ಆ ಗೊಡವೆಯೇ ಇಲ್ಲ, ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಣ. ಹಳ್ಳಿಗಳಲ್ಲಿ ಬಾಡಿಗೆಗೆ ಓಡುವವುಗಳಲ್ಲಿ ಬಿಳಿ ಬೋರ್ಡೂ ಇವೆ ಎಂಬುದು ಊರಿಗೇ ಗೊತ್ತಿರುವ ಗುಟ್ಟು. ಹೆಚ್ಚು ದುಡಿಯುವ ಗಾಡಿಗೆ ಕಡಿಮೆ ತಪಾಸಣೆ! ಅಪಘಾತವಾದರೆ ವಿಮಾ ಕಂಪನಿ ಮೊದಲು ತೆಗೆಯುವ ತಕರಾರೂ ಇದೇ.

ಸಾರಿಗೆ ಇಲಾಖೆ ಘಾಟಿ ಬುಡದಲ್ಲಿ ನಿಂತು ದಂಡ ಹಾಕಿದರೆ ಗಾಡಿಗಳು ಒಳದಾರಿ ಹಿಡಿಯುತ್ತವೆ, ಅಷ್ಟೆ. ಅದರ ಬದಲು ಪ್ರತಿ ಮಳೆಗಾಲಕ್ಕೆ ಮುಂಚೆ ತಾಲ್ಲೂಕಿಗೊಂದು ದಿನ ದಂಡವಿಲ್ಲದೆ ಬ್ರೇಕು, ಟೈರು, ಸ್ಟೇರಿಂಗು ನೋಡಿ ಕಳಿಸಲಿ. ಬೋರ್ಡಿನ ಬಣ್ಣ ಆಮೇಲೆ ಕೇಳಲಿ.

ಬಾಡಿಗೆ ಹಿಡಿಯುವ ನಮಗೂ ಕೆಲಸವಿದೆ. ಟೈರಿನ ಪಕ್ಕೆಯಲ್ಲಿ ನಾಲ್ಕಂಕಿ ಇರುತ್ತದೆ. 3216 ಅಂದರೆ 2016ನೇ ಇಸವಿಯ 32ನೇ ವಾರದ ಮಾಲು. ಹತ್ತುವ ಮುಂಚೆ ಒಮ್ಮೆ ಬಗ್ಗಿ ನೋಡಿ. ಬಾಡಿಗೆಯಲ್ಲಿ ಇನ್ನೂರು ರೂಪಾಯಿ ಇಳಿಸಿದೆ ಅಂತ ಬೀಗುವ ಮುನ್ನ, ಆ ಇನ್ನೂರನ್ನು ಮಾಲೀಕ ಎಲ್ಲಿ ಉಳಿಸುತ್ತಾನೆ ಎಂಬುದನ್ನೂ ಯೋಚಿಸಿ.