ಇಸಿಆರ್ ಮುದ್ರೆ ಅಳಿಸಿ, ಏಜೆಂಟನನ್ನು ಹಿಡಿಯಿರಿ

ಹೊರಗಿನಿಂದ ನೋಡಿದರೆ ಈ ದೇಶದ ಸಾಮಾನ್ಯ ಪಾಸ್‌ಪೋರ್ಟ್‌ಗಳೆಲ್ಲ ಒಂದೇ. ಅದೇ ಕಡುನೀಲಿ ರಟ್ಟು, ಅದೇ ಸಿಂಹ ಲಾಂಛನ. ಒಳಗೆ ಮಾತ್ರ ಕೆಲವರ ಪಾಸ್‌ಪೋರ್ಟಿನಲ್ಲಿ ಒಂದು ಸಾಲು ಹೆಚ್ಚಿರುತ್ತದೆ: ‘ಎಮಿಗ್ರೇಷನ್ ಚೆಕ್ ರಿಕ್ವೈರ್ಡ್’. ಜನರ ಬಾಯಲ್ಲಿ ಅದು ಇಸಿಆರ್. ಹತ್ತನೇ ತರಗತಿ ಪಾಸಾದವನ ಪಾಸ್‌ಪೋರ್ಟಿನಲ್ಲಿ ಈ ಸಾಲು ಇರುವುದಿಲ್ಲ. ಪಾಸಾಗದವನು ಕೊಲ್ಲಿ ರಾಷ್ಟ್ರಕ್ಕೆ ಕೂಲಿಗೆ ಹೊರಟರೆ, ವೀಸಾ ಕೈಯಲ್ಲಿದ್ದರೂ, ವಿಮಾನದ ಟಿಕೆಟ್ ಕಿಸೆಯಲ್ಲಿದ್ದರೂ, ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಇಲ್ಲದೆ ವಿಮಾನ ಹತ್ತುವಂತಿಲ್ಲ. ಬೇರೆ ದೇಶ ನಮ್ಮವರನ್ನು ಒಳಗೆ ಬಿಡಲು ಷರತ್ತು ಹಾಕುವುದು ಸಹಜ. ನಮ್ಮ ಸರ್ಕಾರವೇ ನಮ್ಮವರನ್ನು ಹೊರಗೆ ಬಿಡಲು ಓದಿನ ಷರತ್ತು ಹಾಕುವುದು ಅನ್ಯಾಯ. ಕೆಜಿಎಫ್ ಮತ್ತು ಬಂಗಾರಪೇಟೆಯ ಮಟ್ಟಿಗಂತೂ ಇದು ಎರಡು ಪಟ್ಟು ಅನ್ಯಾಯ.

ಯಾಕೆ ಎರಡು ಪಟ್ಟು? ಕೆಜಿಎಫ್ ಎಂದರೆ ಕೋಲಾರದ ಚಿನ್ನದ ಗಣಿಗಳ ಊರು. ಆ ಗಣಿಗಳನ್ನು ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಮುಚ್ಚಿದ್ದು ಖಾಸಗಿ ಮಾಲೀಕನಲ್ಲ. ಭಾರತ್ ಗೋಲ್ಡ್ ಮೈನ್ಸ್ ಕೇಂದ್ರ ಸರ್ಕಾರದ್ದೇ ಕಂಪನಿ. ಸಂಬಳ, ಕ್ವಾರ್ಟರ್ಸು, ಆಸ್ಪತ್ರೆ, ನೀರು, ಎಲ್ಲವೂ ಗಣಿಯ ಮೇಲೆ ನಿಂತಿದ್ದ ಊರು ಅದು. ಅಪ್ಪನ ಕೆಲಸ ಹೋದ ಮನೆಯಲ್ಲಿ ಮೊದಲು ನಿಲ್ಲುವುದು ದೊಡ್ಡ ಮಗನ ಓದು. ಏಳನೆಯದಕ್ಕೋ ಒಂಬತ್ತನೆಯದಕ್ಕೋ ಶಾಲೆ ಬಿಟ್ಟು ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿನ ಕಟ್ಟಡಗಳಲ್ಲಿ ಕಬ್ಬಿಣ ಕಟ್ಟಲು ಹೋದ ಹುಡುಗರಿಗೆ ಈಗ ಮೂವತ್ತೈದು, ನಲವತ್ತು. ಅವರಲ್ಲಿ ಒಬ್ಬ ಇಂದು ದೋಹಾಕ್ಕೋ ದಮ್ಮಾಮ್‌ಗೋ ಹೋಗಿ ನಾಲ್ಕು ಕಾಸು ಹೆಚ್ಚು ದುಡಿಯುತ್ತೇನೆಂದರೆ, ಅವನ ಓದಿಗೆ ಕಲ್ಲು ಹಾಕಿದ ಸರ್ಕಾರವೇ ಅವನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಕೇಳುತ್ತದೆ. ಇಲ್ಲವೆಂದರೆ ಮುದ್ರೆ ಒತ್ತುತ್ತದೆ.

ಎರಡು ವರ್ಷದ ಐಟಿಐ ಅಥವಾ ಮೂರು ವರ್ಷದ ಪಾಲಿಟೆಕ್ನಿಕ್ ಓದಿದವರಿಗೂ ವಿನಾಯಿತಿ ಇದೆಯಲ್ಲ ಎನ್ನುತ್ತಾರೆ. ಇದೆ, ಮಾನ್ಯತೆ ಪಡೆದ ಸಂಸ್ಥೆಯ ಕಾಗದವಿದ್ದರೆ. ಆದರೆ ಕೆಜಿಎಫ್‌ನಲ್ಲಿ ಕಸುಬು ಕೈಯಿಂದ ಕೈಗೆ ಬಂದದ್ದು. ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಜನ ಅವರು. ಬಂಡೆ ಸಿಡಿಯುವ ಜಾಗದಲ್ಲಿ ಮರದ ಆಸರೆ ಕಟ್ಟಿದವರು, ಪಂಪು ಬಿಚ್ಚಿ ಜೋಡಿಸಿದವರು, ವೆಲ್ಡಿಂಗ್ ಮಾಡಿದವರು, ಆಳುಗಳನ್ನು ಇಳಿಸಿ ಹತ್ತಿಸುವ ವೈಂಡಿಂಗ್ ಎಂಜಿನ್ ನಡೆಸಿದವರು. ಆ ವಿದ್ಯೆ ಮಕ್ಕಳಿಗೂ ಅಳಿಯಂದಿರಿಗೂ ಬಂತು. ಇಂಥ ಮನೆಯ ಫಿಟ್ಟರ್ ಒಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಿ. ಯಾವ ಯಂತ್ರ ಕೊಟ್ಟರೂ ಬಿಚ್ಚಿ ಸರಿಪಡಿಸುತ್ತಾನೆ, ತಮಿಳು, ತೆಲುಗು, ಕನ್ನಡ ಮೂರೂ ಮಾತಾಡುತ್ತಾನೆ, ಕೆಲಸದ ಮಟ್ಟಿಗೆ ಇಂಗ್ಲಿಷೂ ಬರುತ್ತದೆ. ಅವನು ಅಮಾಯಕ, ಅವನ ಒಳಿತನ್ನು ತಾನೇ ನೋಡಿಕೊಳ್ಳಲಾರ ಎಂದು ದೆಹಲಿಯ ಕಾನೂನು ತೀರ್ಮಾನಿಸಿದೆ.

ಈ ಕಾನೂನು 1983ರ ವಲಸೆ ಕಾಯ್ದೆ. ಅದರ ಹಿಂದಿನದು 1922ರದು, ಬ್ರಿಟಿಷರದು. ಈಗ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಇಸಿಆರ್ ಪಾಸ್‌ಪೋರ್ಟ್‌ದಾರರಿಗೆ ಅನುಮತಿ ಬೇಕು: ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹರೈನ್ ಮಾತ್ರವಲ್ಲ, ಮಲೇಷ್ಯಾ, ಇಂಡೋನೇಷ್ಯಾ, ಥಾಯ್ಲೆಂಡ್ ಕೂಡ ಪಟ್ಟಿಯಲ್ಲಿವೆ. ಸಿಂಗಪುರ ಇಲ್ಲ. ಅದೇ ಮುದ್ರೆಯ ಪಾಸ್‌ಪೋರ್ಟ್ ಹಿಡಿದು ಸಿಂಗಪುರಕ್ಕೆ ಕಟ್ಟಡದ ಕೆಲಸಕ್ಕೆ ಹೋಗುವವನನ್ನು ಈ ಕಾರಣಕ್ಕೆ ಯಾರೂ ತಡೆಯುವುದಿಲ್ಲ; ಸೇತುವೆಯಾಚೆಯ ಮಲೇಷ್ಯಾಕ್ಕೆ ಹೊರಟವನನ್ನು ತಡೆಯುತ್ತಾರೆ. ಆದಾಯ ತೆರಿಗೆ ಕಟ್ಟುವವನಿಗೆ, ಅವನು ಐದನೆಯದು ಫೇಲಾಗಿದ್ದರೂ, ಮುದ್ರೆ ಬೇಡ. 50 ದಾಟಿದವರಿಗೂ ಬೇಡ. ಓದದಿರುವುದೇ ಅಪಾಯವಾಗಿದ್ದರೆ ಹಣ ಬಂದ ಕೂಡಲೇ, ವಯಸ್ಸಾದ ಕೂಡಲೇ ಆ ಅಪಾಯ ಹೋಗುವುದು ಹೇಗೆ? ಮುದ್ರೆ ಗುರುತಿಸುತ್ತಿರುವುದು ಅಪಾಯವನ್ನಲ್ಲ, ಬಡತನವನ್ನು.

2018ರಲ್ಲಿ ಈ ಭೇದ ಬಟ್ಟಬಯಲಾಗುವ ಹಂತಕ್ಕೆ ಬಂದಿತ್ತು. ಆ ವರ್ಷ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಇಸಿಆರ್‌ನವರಿಗೆ ಕಿತ್ತಳೆ ಬಣ್ಣದ ರಟ್ಟಿನ ಪಾಸ್‌ಪೋರ್ಟ್ ಕೊಡುವುದಾಗಿ ಹೇಳಿತು. ಓದಿದವರಿಗೆ ನೀಲಿ, ಓದದವರಿಗೆ ಕಿತ್ತಳೆ. ಹತ್ತು ಮಾರು ದೂರದಿಂದಲೇ ಯಾರು ಯಾರೆಂದು ಗೊತ್ತಾಗುತ್ತಿತ್ತು. ಕೇರಳ ಎದ್ದು ನಿಂತಿತು, ವಿರೋಧ ಪಕ್ಷಗಳು ಗುಡುಗಿದವು, ತಿಂಗಳು ಮುಗಿಯುವುದರೊಳಗೆ ಸಚಿವಾಲಯ ಹಿಂದೆ ಸರಿಯಿತು. ರಟ್ಟಿನ ಬಣ್ಣ ಹೋಯಿತು ಅಷ್ಟೆ. ಒಳಗಿನ ಸಾಲು ಉಳಿಯಿತು, ಅದರ ಬಗ್ಗೆ ಗುಡುಗಿದವರೂ ಸುಮ್ಮನಾದರು.

ಅದೇ ವರ್ಷ ನವೆಂಬರ್‌ನಲ್ಲಿ ಇನ್ನೊಂದು ಆದೇಶ ಬಂತು. ಮುದ್ರೆ ಇಲ್ಲದವರೂ, ಎಂದರೆ ಓದಿದವರೂ, ಆ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಇ-ಮೈಗ್ರೇಟ್ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು, ಇಲ್ಲವಾದರೆ ವಿಮಾನ ಹತ್ತಲು ಬಿಡುವುದಿಲ್ಲ ಎಂದು. ಬರೀ ನೋಂದಣಿ, ಅನುಮತಿಯೂ ಅಲ್ಲ. ಎಂಜಿನಿಯರುಗಳು, ಅಕೌಂಟೆಂಟರು, ಮ್ಯಾನೇಜರುಗಳು ಕಿರುಚಾಡಿದರು. ತಿಂಗಳು ತುಂಬುವ ಮೊದಲೇ ಆದೇಶವನ್ನು ತಡೆಹಿಡಿಯಲಾಯಿತು. ಓದಿದವರ ಮೇಲಿನ ಹೊರೆ ಕೆಲವು ದಿನವೂ ನಿಲ್ಲಲಿಲ್ಲ. ಓದದವರ ಮೇಲಿನ ಹೊರೆ 1983ರಿಂದ ಇಂದಿಗೂ ಇದೆ. ಇದಕ್ಕಿಂತ ಸ್ಪಷ್ಟವಾಗಿ ಈ ದೇಶ ತನ್ನ ಮನಸ್ಸನ್ನು ತೋರಿಸಬೇಕಾಗಿಲ್ಲ.

ಕೆಜಿಎಫ್‌ನ ಜನಕ್ಕೆ ಮುದ್ರೆಯ ಅವಮಾನ ಹೊಸದಲ್ಲ. ಗಣಿಗಳನ್ನು ಜಾನ್ ಟೇಲರ್ ಕಂಪನಿ ನಡೆಸುತ್ತಿದ್ದ ಕಾಲದಲ್ಲಿ, 1930ರಲ್ಲಿ, ಕಾರ್ಮಿಕರೆಲ್ಲ ಬೆರಳಚ್ಚು ಒತ್ತಿ ಹೆಸರು ನೋಂದಾಯಿಸಬೇಕು ಎಂಬ ನಿಯಮ ಬಂದಾಗ ಅವರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಆಗ ಅವರಿಗೆ ಬಲವಾದ ಸಂಘವಿರಲಿಲ್ಲ. ಬಹುಪಾಲು ಜನ ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತರು. ಹಳ್ಳಿಯ ಜಮೀನ್ದಾರನ ಕೈಯಿಂದ ತಪ್ಪಿಸಿಕೊಂಡು ಗಣಿಯ ಕತ್ತಲನ್ನು ಒಪ್ಪಿಕೊಂಡವರು. ಚಿನ್ನ ಕದಿಯುತ್ತಾರೆಂಬ ಅನುಮಾನ ಅವರ ಬೆನ್ನಿಗೆ ಸದಾ ಇತ್ತು, ತಪಾಸಣೆಯೂ ಇತ್ತು. ಅದನ್ನೆಲ್ಲ ಸಹಿಸಿದವರು ಬೆರಳಚ್ಚನ್ನು ಸಹಿಸಲಿಲ್ಲ. ಕಾರಣ ನನಗೆ ಸ್ಪಷ್ಟವಾಗಿ ಕಾಣುತ್ತದೆ: ಕೈದಿಯಿಂದ ತೆಗೆದುಕೊಳ್ಳುವ ಗುರುತನ್ನು ದುಡಿಯುವವನಿಂದ ಕೇಳಿದ್ದು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತು ಮುದ್ರೆಯ ಪಾಸ್‌ಪೋರ್ಟನ್ನು ತಲೆತಗ್ಗಿಸಿ ಪಡೆಯುವ ಹಾಗಾಗಿದೆ. ಅವರನ್ನು ಸಂಘಟಿಸುತ್ತಿದ್ದ ಗಣಿಯೂ ಇಲ್ಲ, ಸಂಘದ ಬಲವೂ ಇಲ್ಲ.

ಹೋಗಲಿ, ಅವಮಾನವಾದರೂ ಸರಿ, ರಕ್ಷಣೆ ಸಿಗುತ್ತದೆಯೇ? ಕಾಗದದ ಮೇಲೆ ಚೆನ್ನಾಗಿಯೇ ಇದೆ. ಏಜೆಂಟ್ ನೋಂದಾಯಿತನಾಗಿರಬೇಕು, ಅವನು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಕೇಳುವಂತಿಲ್ಲ. ಕರಾರು ಪತ್ರ ಇ-ಮೈಗ್ರೇಟ್‌ನಲ್ಲಿ ದಾಖಲಾಗಬೇಕು. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ಸತ್ತವನ ಮನೆಗೆ 10 ಲಕ್ಷ. ಇವೆಲ್ಲ ಬೇಕಾದ ವ್ಯವಸ್ಥೆಗಳೇ, ನನ್ನ ತಕರಾರು ಇವುಗಳ ಮೇಲಲ್ಲ.

ತಕರಾರಿರುವುದು ಇಲ್ಲಿ. ಅನುಮತಿ ಬೇಕಾಗಿರುವುದು ಕೆಲಸದ ವೀಸಾಕ್ಕೆ ಮಾತ್ರ. ಪ್ರವಾಸಕ್ಕೆ ಹೋಗುವವನಿಗೆ 2007ರಿಂದ ಬೇಡ. ಮೋಸದ ಏಜೆಂಟನಿಗೆ ಇಷ್ಟು ಸಾಕು. ‘ನಿಂದು ಇಸಿಆರ್ ಕಣಪ್ಪಾ, ಕ್ಲಿಯರೆನ್ಸ್ ಅಂತ ಕೂತರೆ ತಿಂಗಳುಗಟ್ಟಲೆ ಆಗುತ್ತೆ. ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸಿಕೊಳ್ಳೋಣ.’ ಈ ಮಾತು ಕೇಳದ ಬೀದಿ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲೂ ಆಂಡರ್ಸನ್‌ಪೇಟೆಯಲ್ಲೂ ಇರಲಾರದು. ಹೆಂಡತಿಯ ಒಡವೆ ಅಡವಿಟ್ಟು ಲಕ್ಷ ಕೊಟ್ಟವನು ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರಿನಲ್ಲಿ ಸಿಕ್ಕಿಬಿದ್ದರೆ ಆಫ್‌ಲೋಡ್ ಆಗಿ ಮನೆಗೆ ಬರುತ್ತಾನೆ, ಹಣ ಬರುವುದಿಲ್ಲ. ದಾಟಿ ಹೋದರೆ ಇನ್ನೂ ಕಷ್ಟ. ಅವನ ಕರಾರು ಎಲ್ಲೂ ದಾಖಲಾಗಿಲ್ಲ. ವಿಮೆ ಇಲ್ಲ. ವೀಸಾ ಅವಧಿ ಮುಗಿದ ದಿನದಿಂದ ಅವನು ಆ ದೇಶದಲ್ಲಿ ಅಪರಾಧಿ. ಮಾಲೀಕ ಸಂಬಳ ಕೊಡದಿದ್ದರೆ ದೂರು ಕೊಡಲು ಹೋದವನನ್ನೇ ಹಿಡಿದು ಒಳಗೆ ಹಾಕುತ್ತಾರೆ. ಯಾರನ್ನು ಕಾಯಲು ಮುದ್ರೆ ಒತ್ತಿದರೋ ಅವನನ್ನೇ ಆ ಮುದ್ರೆ ಕಾವಲಿಲ್ಲದ ದಾರಿಗೆ ತಳ್ಳಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕ್ರೂರ. ಇಸಿಆರ್ ಪಾಸ್‌ಪೋರ್ಟಿನ ಹೆಣ್ಣುಮಗಳಿಗೆ 30 ತುಂಬುವವರೆಗೆ ಆ 18 ದೇಶಗಳಲ್ಲಿ ಮನೆಗೆಲಸಕ್ಕೆ ಹೋಗಲು ಅನುಮತಿಯೇ ಇಲ್ಲ. ಹದಿನೆಂಟಕ್ಕೆ ಮದುವೆಯಾಗಬಹುದು, ಮತ ಹಾಕಬಹುದು, ಬೆಳಗಿನ ರೈಲಿಗೆ ನೇತುಬಿದ್ದು ಬೆಂಗಳೂರಿನ ಗಾರ್ಮೆಂಟ್ಸಿಗೋ ಹೌಸ್‌ಕೀಪಿಂಗ್‌ಗೋ ಹೋಗಿ ರಾತ್ರಿ ಮರಳಬಹುದು. ಆ ದಾರಿಯಲ್ಲಿ ಅವಳ ಸುರಕ್ಷತೆಯ ಬಗ್ಗೆ ಯಾವ ಸಂರಕ್ಷಣಾಧಿಕಾರಿಯೂ ಕೇಳಿದ್ದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಅವಳ ತಂಗಿಗೆ ಇಪ್ಪತ್ತೆರಡಕ್ಕೇ ಈ ತಡೆ ಇಲ್ಲ. ಮಾಲೀಕನ ಮನೆಯ ಬೀಗ ಮಾರ್ಕ್ಸ್ ಕಾರ್ಡ್ ನೋಡಿ ತೆರೆಯುತ್ತದೆಯೇ? ನಿಷೇಧದಿಂದ ಹೋಗುವವರು ನಿಂತಿಲ್ಲ, ಕಳ್ಳದಾರಿಗೆ ಬಿದ್ದಿದ್ದಾರೆ.

ಇಲ್ಲಿನ ಹೆಸರುಗಳದ್ದೂ ಒಂದು ತೊಡಕಿದೆ. ನಮ್ಮ ಕಡೆ ಮನೆತನದ ಹೆಸರಿಲ್ಲ. ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ತನ್ನ ಹೆಸರು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯದಿದ್ದರೆ ಒಂದೇ ಹೆಸರು ಉಳಿಯುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಆಮೇಲೆ, ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂದು ಸಡಿಲಿಸಿತು. ಅದು ಅವರ ದೇಶದ ನಿಯಮ, ಅವರ ಹಕ್ಕು. ಅರ್ಜಿ ತುಂಬುವಾಗ ಇಷ್ಟನ್ನು ಹೇಳಿಕೊಡುವ ಒಬ್ಬ ಮನುಷ್ಯ ನಮ್ಮ ಸರ್ಕಾರದ ಕಡೆಯಿಂದ ಈ ಎರಡು ಊರುಗಳಲ್ಲಿ ಇರಬೇಕಿತ್ತು ಎನ್ನುವುದು ನನ್ನ ಮಾತು. ಮುದ್ರೆ ಒತ್ತಲು ವ್ಯವಸ್ಥೆ ಇದೆ, ತಿಳಿಸಿ ಹೇಳಲು ಇಲ್ಲ.

ಮುದ್ರೆ ತೆಗೆದರೆ ಇರುವ ರಕ್ಷಣೆಯೂ ಹೋಗುವುದಿಲ್ಲವೇ ಎಂದು ಕಾರ್ಮಿಕರ ಪರವಾಗಿ ಪ್ರಾಮಾಣಿಕವಾಗಿ ಕೆಲಸ ಮಾಡುವವರೇ ಕೇಳುತ್ತಾರೆ. ಆ ಭಯ ಸುಳ್ಳಲ್ಲ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 45 ಭಾರತೀಯರು ಸತ್ತರು. ಅಲ್ಲಿ ಸತ್ತವರೆಲ್ಲ ಶಾಲೆ ಬಿಟ್ಟವರಲ್ಲ, ಓದಿಕೊಂಡವರೂ ಇದ್ದರು. ಬೆಂಕಿ ಯಾರ ಪಾಸ್‌ಪೋರ್ಟಿನಲ್ಲಿ ಏನಿದೆ ಎಂದು ನೋಡಲಿಲ್ಲ. ಅಪಾಯ ಇರುವುದು ಕೆಲಸದಲ್ಲಿ, ವಸತಿಯಲ್ಲಿ, ಮಾಲೀಕನಲ್ಲಿ, ಏಜೆಂಟನಲ್ಲಿ. ಕಾವಲನ್ನು ಅಲ್ಲಿಗೆ ಹಾಕಬೇಕು. ಹಾಗೆ ಹಾಕಲು ಬರುತ್ತದೆ ಎಂದು ಸರ್ಕಾರವೇ ತೋರಿಸಿಕೊಟ್ಟಿದೆ: ನರ್ಸುಗಳ ನೇಮಕಾತಿಯಲ್ಲಿ ಲಕ್ಷಗಟ್ಟಲೆ ಸುಲಿಗೆ ಬಯಲಾದಾಗ 2015ರಲ್ಲಿ ಇಸಿಆರ್ ಪಟ್ಟಿಯ ದೇಶಗಳಿಗೆ ಹೋಗುವ ನರ್ಸುಗಳಿಗೆ, ಅವರು ಪದವೀಧರರಾದರೂ, ಅನುಮತಿ ಕಡ್ಡಾಯ ಮಾಡಿ ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳಿಗೆ ವಹಿಸಿದರು. ಅವರ ಪಾಸ್‌ಪೋರ್ಟಿನ ಮೇಲೆ ಯಾವ ಮುದ್ರೆಯನ್ನೂ ಒತ್ತಲಿಲ್ಲ. ವೃತ್ತಿಯನ್ನು ನೋಡಿದರು, ನೇಮಕಾತಿಯನ್ನು ಬಿಗಿ ಮಾಡಿದರು. ನರ್ಸಿಗೆ ಸಲ್ಲುವ ಈ ಮರ್ಯಾದೆ ಕಬ್ಬಿಣ ಕಟ್ಟುವವನಿಗೆ ಯಾಕೆ ಸಲ್ಲಬಾರದು?

1983ರ ಕಾಯ್ದೆಯನ್ನು ಬದಲಿಸುವ ಮಾತು ಬಹಳ ದಿನದ್ದು. 2019ರಲ್ಲಿ ಒಂದು ಕರಡು ಬಂತು, 2021ರಲ್ಲಿ ಇನ್ನೊಂದು. 2025ರ ಅಕ್ಟೋಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಮತ್ತೊಂದು ಕರಡು ಮಸೂದೆಯನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಕೇಳಿದ ರೀತಿ ನೋಡಿ: ಜಾಲತಾಣದಲ್ಲಿ, ಇಂಗ್ಲಿಷಿನಲ್ಲಿ, ಕೆಲವೇ ವಾರಗಳ ಗಡುವಿನಲ್ಲಿ. ಹತ್ತನೆಯದು ಮುಟ್ಟದವರ ಬದುಕಿನ ಕಾನೂನಿಗೆ ಅವರ ಅಭಿಪ್ರಾಯ ಹೀಗೆ ಸಿಗುತ್ತದೆಯೇ? ಕೇರಳ 1996ರಲ್ಲೇ ವಲಸಿಗರಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ತೆರೆದು, ದೆಹಲಿಯಲ್ಲಿ ಏನೇ ನಡೆದರೂ ಮೊದಲು ಮಾತಾಡುತ್ತದೆ. ಕಿತ್ತಳೆ ಪಾಸ್‌ಪೋರ್ಟ್ ಬಿದ್ದದ್ದು ಆ ದನಿಯಿಂದ. ಕರ್ನಾಟಕಕ್ಕೆ ವಿದೇಶ ಎಂದರೆ ಅಮೆರಿಕದ ಸಾಫ್ಟ್‌ವೇರ್ ವೀಸಾ. ಎಚ್-1ಬಿ ಶುಲ್ಕ ಏರಿದ ದಿನ ವಿಧಾನಸೌಧದಿಂದ ಹೇಳಿಕೆಗಳು ಬರುತ್ತವೆ. ಇಸಿಆರ್ ಬಗ್ಗೆ ನಮ್ಮ ಸಂಸದರೊಬ್ಬರು ಗಟ್ಟಿಯಾಗಿ ಮಾತಾಡಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಹಾಗಾಗಿ ಕೋಲಾರದ ಸಂಸದರಿಗೂ ಕೆಜಿಎಫ್, ಬಂಗಾರಪೇಟೆಯ ಶಾಸಕರಿಗೂ ನೇರವಾಗಿ ಕೇಳುತ್ತೇನೆ. ಹೊಸ ಮಸೂದೆಯಲ್ಲಿ ಪಾಸ್‌ಪೋರ್ಟಿನ ಮುದ್ರೆ ಉಳಿಯಕೂಡದು, ಹೆಣ್ಣುಮಕ್ಕಳ ವಯಸ್ಸಿನ ತಡೆ ಉಳಿಯಕೂಡದು ಎಂದು ಸಂಸತ್ತಿನಲ್ಲಿ ಹೇಳಿ. ವಿಮೆ ಮತ್ತು ಕರಾರಿನ ದಾಖಲಾತಿ ಕೆಲಸಕ್ಕೆ ಹೋಗುವ ಪ್ರತಿಯೊಬ್ಬರಿಗೂ ಇರಲಿ, ಮಾರ್ಕ್ಸ್ ಕಾರ್ಡ್ ಕೇಳದೆ. ಮಸೂದೆಗೆ ಕಾಯದೆ ಈಗಲೇ ಆಗಬೇಕಾದ ಒಂದು ಕೆಲಸವಿದೆ. ಬಂಗಾರಪೇಟೆ ರೈಲು ನಿಲ್ದಾಣದ ಹತ್ತಿರವೂ ರಾಬರ್ಟ್‌ಸನ್‌ಪೇಟೆಯಲ್ಲೂ, ಸಂಜೆ ರೈಲು ಇಳಿಯುವ ಹೊತ್ತಿಗೂ ತೆರೆದಿರುವ ಒಂದೊಂದು ಸಹಾಯ ಕೇಂದ್ರ ಬೇಕು. ತಮಿಳು, ಕನ್ನಡ ಎರಡೂ ಬಲ್ಲ ನೌಕರರು ಬೇಕು. ಏಜೆಂಟನ ನೋಂದಣಿ ನಿಜವೇ, ಆ ಕಂಪನಿ ಕಪ್ಪುಪಟ್ಟಿಯಲ್ಲಿದೆಯೇ, ಕೈಗೆ ಕೊಟ್ಟಿರುವುದು ಕೆಲಸದ ವೀಸಾವೋ ಸಂದರ್ಶಕ ವೀಸಾವೋ ಎಂದು ನೋಡಿ ಹೇಳಬೇಕು. ನೋಂದಣಿ ಇಲ್ಲದ ಏಜೆಂಟನ ಮೇಲೆ ಅಲ್ಲೇ ದೂರು ಬರೆಸಿಕೊಂಡು ಪೊಲೀಸ್ ಠಾಣೆಗೆ ಕಳಿಸಬೇಕು, ಮತ್ತು ಆ ದೂರು ಏನಾಯಿತೆಂದು ತಿಂಗಳಿಗೊಮ್ಮೆ ಗೋಡೆಯ ಮೇಲೆ ಅಂಟಿಸಬೇಕು.