ಬಿಲ್ಲು ಜಾಸ್ತಿಯೋ, ಕಮ್ಮಿಯೋ? ನಿಮ್ಮ ಗೋಡೆಯನ್ನೇ ಕೇಳಿ

ಬೆಳಿಗ್ಗೆ ಡೈರಿಗೆ ಹಾಲು ಹಾಕಲು ನಿಂತಾಗ ತಿಂಗಳಿಗೊಮ್ಮೆ ಈ ಮಾತು ಬಂದೇ ಬರುತ್ತದೆ. 'ನಿಮ್ಮನೆಗೆ ಕರೆಂಟ್ ಬಿಲ್ ಎಷ್ಟು ಬಂತಣ್ಣಾ?' 'ಸಿಲಿಂಡ್ರು ಎಷ್ಟು ದಿನ ಬತ್ತದ?' ಪಕ್ಕದವನಿಗಿಂತ ಕಮ್ಮಿ ಇದ್ದರೆ ಸಮಾಧಾನ, ಜಾಸ್ತಿ ಇದ್ದರೆ ಮೀಟರಿನ ಮೇಲೆ ಅನುಮಾನ. ನಾನೂ ಹಾಗೇ ಇದ್ದವನು. ಈಗ ನನ್ನ ಅಭಿಪ್ರಾಯ ಬೇರೆ. ರೂಪಾಯಿ ನೋಡಿದರೆ ಬಿಲ್ಲು ನ್ಯಾಯವೋ ಅನ್ಯಾಯವೋ ತಿಳಿಯದು. ಯೂನಿಟ್ಟು, ದಿನ, ಆಳು - ಈ ಮೂರನ್ನು ನೋಡಬೇಕು.

ಮೊದಲು ಕರೆಂಟು. 2023ರ ಆಗಸ್ಟಿನಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಬಿಲ್ಲು ಸೊನ್ನೆ. ಸೊನ್ನೆ ಬಂದದ್ದೇ ಬಂದದ್ದು, ಬಿಲ್ಲು ಓದುವುದನ್ನೇ ಬಿಟ್ಟೆವು. ಮಗಳು ಬಾಣಂತನಕ್ಕೆ ಬಂದ ತಿಂಗಳು ಇದ್ದಕ್ಕಿದ್ದಂತೆ 400 ರೂಪಾಯಿ ದಾಟಿದ ಬಿಲ್ಲು ಬಂತು. ಮೀಟರ್ ಓದುವ ಹುಡುಗನ ಮೇಲೆ ರೇಗಿದೆ. ಅವನು ಕೋಪ ಮಾಡಿಕೊಳ್ಳಲಿಲ್ಲ. 'ಅಣ್ಣಾ, ಮನೆಗೆ ಹೊಸದಾಗಿ ಏನು ತಂದಿರಿ?' ಅಂದ. ತಂದದ್ದು ನೀರು ಕಾಯಿಸುವ ಕಾಯಿಲ್!

ಅದರ ಮೈಮೇಲೆ 1500 ವ್ಯಾಟ್ ಎಂದು ಬರೆದಿದೆ. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಬಾಣಂತಿಗೆ, ಮಗುವಿಗೆ ದಿನಕ್ಕೆ ಒಂದೂವರೆ ಗಂಟೆ ಕಾಯಿಸಿದರೆ ಎರಡೂಕಾಲು ಯೂನಿಟ್, ತಿಂಗಳಿಗೆ 67. ನಮ್ಮ ಇಡೀ ಮನೆಯ ಹಳೆಯ ಖರ್ಚೇ 63 ಯೂನಿಟ್. ಕಾಯಿಲೊಂದೇ ಇನ್ನೊಂದು ಸಂಸಾರದಷ್ಟು ತಿಂದಿತ್ತು.

200 ಯೂನಿಟ್‌ವರೆಗೆ ಎಲ್ಲರಿಗೂ ಪುಕ್ಕಟೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಯೋಜನೆ ಶುರುವಾದಾಗ 2022-23ರ ನಿಮ್ಮದೇ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಮಿತಿ ಕಟ್ಟಿದರು. ನಮಗೆ ಸಿಕ್ಕಿದ್ದು 66. ಮಿತಿ ದಾಟಿದ್ದಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರಾ ಬಿಲ್ಲು ನಮ್ಮದೇ. ನಿಮ್ಮ ಮಿತಿ ಎಷ್ಟೆಂದು ಮೀಟರ್ ಓದುವವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಇಷ್ಟಾಗಿ ನನ್ನ ಆ ಬಿಲ್ಲು ಅನ್ಯಾಯದ್ದಲ್ಲ. ನನ್ನ ಅಜಾಗ್ರತೆಯದ್ದು. ಈಗ ಬಚ್ಚಲಿನ ಹಂಡೆಗೆ ತೆಂಗಿನ ಮಟ್ಟೆ, ಸಿಪ್ಪೆ ಹಾಕುತ್ತೇವೆ. ತೋಟದಲ್ಲಿ ಬಿದ್ದು ಒಣಗುವ ವಸ್ತು.

ಗ್ಯಾಸಿಗೂ ಇದೇ ಮಾತು. ಸಿಲಿಂಡರಿನಲ್ಲಿ ಇರುವುದು 14.2 ಕಿಲೋ. ನಮ್ಮ ಆರು ಜನರಿಗೆ 42 ದಿನ ಬರುತ್ತದೆ. ದಿನಕ್ಕೆ ಸುಮಾರು 340 ಗ್ರಾಂ. ಒಮ್ಮೆ 31 ದಿನಕ್ಕೇ ಮುಗಿಯಿತು. ತೂಕದಲ್ಲಿ ಮೋಸ ಎಂದೇ ಅನಿಸಿತು. ಮುಂದಿನ ಸಿಲಿಂಡರನ್ನು ಅರಿಶಿನ ತೂಗುವ ತಕ್ಕಡಿಗೆ ಹಾಕಿದೆ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ, ಅದನ್ನು ಕಳೆದರೆ ಸರಿಯಾಗಿ 14.2 ಬಂತು. ಆಮೇಲೆ ಯೋಚಿಸಿದರೆ, ಮಳೆಗೆ ಸೌದೆ ನೆನೆದಿದೆ ಎಂದು ಎತ್ತಿನ ಹುರುಳಿಯನ್ನೂ ಗ್ಯಾಸಿನ ಮೇಲೇ ಬೇಯಿಸಿದ್ದೆವು! ತೂಗಿ ನೋಡುವುದು ನಮ್ಮ ಹಕ್ಕು, ಸಂಕೋಚ ಬೇಡ. ಆದರೆ ತೂಗದೆ ಬಯ್ಯುವುದು ತಪ್ಪು.

ಇನ್ನು ಆಳಿನ ಲೆಕ್ಕ. ಇದನ್ನು ಬರೆಯಲು ನನಗೆ ನಾಚಿಕೆ. ಆದರೂ ಬರೆಯುತ್ತೇನೆ.

2022ರಲ್ಲಿ ಸಿಲಿಂಡರ್ ಸಾವಿರ ರೂಪಾಯಿ ದಾಟಿತು. 'ಗ್ಯಾಸು ಬೇಡ, ಸೌದೆ ಇದ್ಯಲ್ಲ' ಎಂದೆ. ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನದು, ಬಂಡೀಪುರದ ಕಾಡಂಚು ಹತ್ತಿರ. ಮನೆಯಾಕೆ ವಾರಕ್ಕೆ ಎರಡು ಹೊರೆ ಸೌದೆ ತರುತ್ತಿದ್ದಳು. ಒಂದು ದಿನ ಬರಿಗೈಲಿ ಬಂದು ಜಗಲಿ ಮೇಲೆ ಕೂತಳು. ದಾರಿಯಲ್ಲಿ ಆನೆ. ನೀರು ಕುಡಿದು, ಸುಧಾರಿಸಿಕೊಂಡು ಹೇಳಿದಳು: 'ಚೆಂಡುಹೂ ಕೀಳಕ್ಕೆ ಬಂದೋರ್ಗೆಲ್ಲ ಕೂಲಿ ಬರೀತೀರಿ. ಸೌದೆ ಪುಕ್ಸಟ್ಟೆ ಅಂತೀರಲ್ಲ, ನನ್ ಕೂಲಿ ಯಾರ್ ಬರುದ್ರು?'

ಅವತ್ತು ರಾತ್ರಿ ಕೂತು ಬರೆದೆ. ಒಂದು ಹೊರೆಗೆ ಅರ್ಧ ದಿನ. ತಿಂಗಳಿಗೆ ಎಂಟು ಹೊರೆ, ಅಂದರೆ ನಾಲ್ಕು ಆಳು. ಆ ವರ್ಷ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 309 ರೂಪಾಯಿ. ನಾಲ್ಕು ಆಳಿಗೆ 1236. ಸಿಲಿಂಡರಿಗಿಂತ ಜಾಸ್ತಿ! ಅದೂ ಮೂವತ್ತು ದಿನಕ್ಕೆ. ಸಿಲಿಂಡರ್ ಬರುತ್ತಿದ್ದುದು 42 ದಿನ. ಹೊಗೆಗೆ ಉರಿದ ಕಣ್ಣು, ಆನೆಯ ಭಯ ಇದರಲ್ಲಿ ಸೇರಿಲ್ಲ. ಮಾರನೇ ದಿನವೇ ಗ್ಯಾಸ್ ಬುಕ್ ಮಾಡಿದೆ.

ಕಾಡಂಚಿನ ಹಳ್ಳಿಗಳ ಮನೆಗಳಿಗೆ ಗ್ಯಾಸ್ ಕೊಡಿಸಲು 'ನಮ್ಮ ಸಂಘ' ದುಡಿದದ್ದು ನಮ್ಮ ಕಡೆ ಗೊತ್ತಿರುವ ವಿಷಯ. ಕಾಡು ಉಳಿಯಲಿ ಎಂದು ಮಾಡಿದ ಕೆಲಸ. ಅದರಿಂದ ಹೆಂಗಸರ ಆಳೂ ಉಳಿಯುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು.

ಹಸು ಇರುವವರಿಗೆ ಇನ್ನೊಂದು ದಾರಿ ಗೋಬರ್ ಗ್ಯಾಸು. ದಿನಕ್ಕೆ 25 ಕಿಲೋ ಸಗಣಿ ಸಿಕ್ಕರೆ ಒಂದು ಘನ ಮೀಟರಿನ ಘಟಕ ನಡೆಯುತ್ತದೆ. ಒಂದು ಘನ ಮೀಟರ್ ಅನಿಲ ಹೆಚ್ಚುಕಮ್ಮಿ 430 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ನಮ್ಮ ದಿನದ 340 ಗ್ರಾಂ ಅದರಲ್ಲೇ ಸರಿಹೋಗಬೇಕು, ಚಳಿಗಾಲದಲ್ಲಿ ಕಮ್ಮಿಯಾದರೂ ಬಗ್ಗಡ ತೋಟಕ್ಕೆ ಸಿಗುತ್ತದೆ. ಕಟ್ಟಿಸುವ ಯೋಚನೆಯಲ್ಲಿದ್ದೇನೆ.

ಈಗ ನಮ್ಮ ಅಡುಗೆಮನೆ ಬಾಗಿಲ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದ ಬರಹವಿದೆ. ಸಿಲಿಂಡರ್ ಹಚ್ಚಿದ ತಾರೀಖು, ಪ್ರತಿ ತಿಂಗಳ ಒಂದನೇ ತಾರೀಖಿನ ಮೀಟರ್ ಅಂಕಿ. ಬರೆಯುವವಳು ಮನೆಯಾಕೆ. ಪಕ್ಕದ ಮನೆಯ ಬಿಲ್ಲು ನಮಗೆ ಅಳತೆಗೋಲಲ್ಲ, ಅವರ ಜನ ಬೇರೆ, ದನ ಬೇರೆ. ನಮ್ಮ ಹೋದ ವರ್ಷದ್ದೇ ನಮಗೆ ಅಳತೆ.

ನೀವೂ ಮೂರು ತಿಂಗಳು ಬರೆದು ನೋಡಿ. ಸೌದೆಯ ಆಳನ್ನೂ ಸೇರಿಸಿ ಬರೆಯಿರಿ. ನಿಮ್ಮ ಮನೆಯಲ್ಲಿ ಎಷ್ಟು ಬಂತು, ಪತ್ರಿಕೆಗೆ ತಿಳಿಸಿ.